ಎರಡನೆಯ ತಂತಿ

ನನ್ನ ಚಿಕ್ಕಪ್ಪನ ಮಗ ಬೆಂಗಳೂರಿನ ಒಂದು ಉಪಗ್ರಹ ಭೂಕೇಂದ್ರದಲ್ಲಿ ಎಂಜಿನಿಯರ್. ಕೆಲವು ವರ್ಷಗಳ ಹಿಂದೆ ಬೇಸಿಗೆ ರಜೆಯಲ್ಲಿ ಅವನ ಮನೆಗೆ ಹೋಗಿದ್ದಾಗ, "ಬಾ ಅಕ್ಕಾ, ನಾ ದಿನಾ ಏನ್ ಮಾಡ್ತೀನಂತ ನೋಡೀಯಂತ" ಎಂದು ಕಚೇರಿಗೆ ಕರೆದುಕೊಂಡು ಹೋದ. ಅಂಗಳದಲ್ಲಿ ಆಕಾಶಕ್ಕೆ ಮುಖ ಮಾಡಿ ಕೂತ ದೊಡ್ಡ ಬಿಳಿ ಬೋಗುಣಿಯಂಥ ಆಂಟೆನಾ. ಒಳಗೆ, ಸೆರಗು ಹೊದ್ದುಕೊಳ್ಳಬೇಕೆನಿಸುವಷ್ಟು ತಣ್ಣಗಿನ ಕೋಣೆ. ಅಲ್ಲಿ ಬಾಗಿಲಿಲ್ಲದ ಕಪಾಟಿನಂಥ ಕಬ್ಬಿಣದ ಚೌಕಟ್ಟುಗಳು, ಅವುಗಳಲ್ಲಿ ಒಂದರ ಮೇಲೊಂದು ಚಪ್ಪಟೆ ಪೆಟ್ಟಿಗೆಗಳು. ನನ್ನ ಕಣ್ಣು ಹೋದದ್ದು ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿದ್ದ ಎರಡು ಪೆಟ್ಟಿಗೆಗಳ ಕಡೆಗೆ. ಮೇಲಿನದರಲ್ಲಿ ಹಸಿರು ದೀಪಗಳು ಬಿಡುವಿಲ್ಲದೆ ಮಿನುಗುತ್ತಿದ್ದವು. ಕೆಳಗಿನದರಲ್ಲಿ ಒಂದೇ ಒಂದು ಹಳದಿ ದೀಪ, ಅದೂ ಅಲ್ಲಾಡದೆ ಉರಿಯುತ್ತಿತ್ತು.

"ಇದು ಯಾಕ ಸುಮ್ಮ ಕುಂತೈತಿ?" ಎಂದೆ.

"ಸುಮ್ಮ ಕುಂತಿಲ್ಲಕ್ಕಾ, ತಯಾರಾಗಿ ಕುಂತೈತಿ. ಇವಕ್ಕ ರಿಡಂಡೆಂಟ್ ಮೋಡೆಮ್ ಅಂತಾರ."

ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದ ಅಭ್ಯಾಸ ಎಲ್ಲಿ ಹೋಗುತ್ತದೆ? ಊರಿಗೆ ಬಂದವಳೇ ನಿಘಂಟು ತೆಗೆದೆ. ರಿಡಂಡೆಂಟ್ ಎಂದರೆ ಹೆಚ್ಚಾದದ್ದು, ಅನಗತ್ಯವಾದದ್ದು, ಇಲ್ಲದಿದ್ದರೂ ನಡೆಯುವಂಥದ್ದು ಎಂದಿತ್ತು. ಕಾರ್ಖಾನೆಯಲ್ಲಿ ಕೆಲಸ ಕಳೆದುಕೊಂಡವರಿಗೂ ಇಂಗ್ಲಿಷಿನವರು ಇದೇ ಮಾತು ಹೇಳುತ್ತಾರೆ. ಎಂಜಿನಿಯರುಗಳು ಮಾತ್ರ ತಾವು ಬಿಟ್ಟಿರಲಾರದ ವಸ್ತುವಿಗೆ ಈ ಹೆಸರಿಟ್ಟಿದ್ದಾರೆ. ಈ ವಿಚಿತ್ರ ನನ್ನನ್ನು ಬಹಳ ದಿನ ಕಾಡಿತು. ಸುಮ್ಮನೆ ಕೂತಂತೆ ಕಾಣುವ ಎರಡನೆಯದರ ಬೆಲೆಯನ್ನು ಮನುಷ್ಯ ಯಾವಾಗ ಕಲಿತ ಎಂದು ಹುಡುಕುತ್ತ ಹೋದಾಗ ನನಗೆ ಸಿಕ್ಕ ಚರಿತ್ರೆಯನ್ನು ಇಲ್ಲಿ ಹೇಳುತ್ತೇನೆ.

ಮೊದಲ ಕಥೆ ಸಮುದ್ರದ್ದು. 1858ರ ಆಗಸ್ಟಿನಲ್ಲಿ ಐರ್ಲೆಂಡಿಗೂ ಉತ್ತರ ಅಮೆರಿಕದ ನ್ಯೂಫೌಂಡ್‌ಲೆಂಡಿಗೂ ನಡುವೆ ಅಟ್ಲಾಂಟಿಕ್ ಸಾಗರದ ತಳದಲ್ಲಿ ಟೆಲಿಗ್ರಾಫ್ ತಂತಿ ಹಾಸಿದರು. ವಿಕ್ಟೋರಿಯಾ ರಾಣಿ ಅಮೆರಿಕದ ಅಧ್ಯಕ್ಷರಿಗೆ ಕಳಿಸಿದ 98 ಪದಗಳ ಸಂದೇಶ ಆ ದಡ ಮುಟ್ಟಲು 16 ಗಂಟೆ ಹಿಡಿಯಿತು. ಆದರೂ ಜನರ ಸಂಭ್ರಮಕ್ಕೆ ಮಿತಿಯಿರಲಿಲ್ಲ. ನ್ಯೂಯಾರ್ಕಿನಲ್ಲಿ ಹಾರಿಸಿದ ಬಾಣ ಬಿರುಸುಗಳ ಕಿಡಿ ತಗುಲಿ ಸಿಟಿ ಹಾಲಿನ ಗೋಪುರವೇ ಹೊತ್ತಿಕೊಂಡಿತು! ಸಂಭ್ರಮ ಮೂರು ವಾರ ಬಾಳಿತು. ಮೊದಲೇ ದುರ್ಬಲವಾಗಿದ್ದ ತಂತಿಗೆ, ಸಂದೇಶ ಬೇಗ ಹೋಗಲೆಂದು ಅತಿ ಹೆಚ್ಚಿನ ವಿದ್ಯುತ್ತು ಹಾಯಿಸಿದ್ದರು. ತಂತಿ ಮೂಕವಾಯಿತು. ಇನ್ನೊಂದು ತಂತಿ ಇರಲಿಲ್ಲವಾದ್ದರಿಂದ ಎರಡು ಖಂಡಗಳ ಮಾತು ಮತ್ತೆ ಹಡಗಿನ ಟಪಾಲಿಗೆ ಇಳಿಯಿತು.

1865ರಲ್ಲಿ ಗ್ರೇಟ್ ಈಸ್ಟರ್ನ್ ಎಂಬ, ಆ ಕಾಲಕ್ಕೆ ಜಗತ್ತಿನಲ್ಲೇ ದೊಡ್ಡದಾದ ಹಡಗಿನಿಂದ ಹೊಸ ತಂತಿ ಇಳಿಸುತ್ತ ಹೊರಟರು. ಅರ್ಧಕ್ಕಿಂತ ಹೆಚ್ಚು ದಾರಿ ಸಾಗಿದ ಮೇಲೆ ತಂತಿ ತುಂಡಾಗಿ, ಮೂರೂವರೆ ಕಿಲೋಮೀಟರಿಗೂ ಹೆಚ್ಚು ಆಳದ ನೀರಿನಲ್ಲಿ ಮುಳುಗಿತು. ಮರುವರ್ಷ, 1866ರ ಜುಲೈ 27ರಂದು, ಅದೇ ಹಡಗು ಇನ್ನೊಂದು ತಂತಿಯನ್ನು ದಡ ಮುಟ್ಟಿಸಿತು. ಕೆಲಸ ಗೆದ್ದಾಯಿತು, ಮನೆಗೆ ಹೋಗಬಹುದಿತ್ತು. ಅವರು ಹೋಗಲಿಲ್ಲ. ನಡುಗಡಲಿಗೆ ಮರಳಿ, ಹಗ್ಗಕ್ಕೆ ಕೊಕ್ಕೆ ಕಟ್ಟಿ ಇಳಿಬಿಟ್ಟು, ಬಾವಿಗೆ ಬಿದ್ದ ಕೊಡವನ್ನು ಪಾತಾಳಗರಡಿಯಿಂದ ಹುಡುಕುವ ಹಾಗೆ ಹಿಂದಿನ ವರ್ಷ ಕಳೆದುಹೋದ ತಂತಿಯನ್ನು ಹುಡುಕಿದರು. ಸಿಕ್ಕಿದ್ದು ಎಷ್ಟೋ ಸಲ ಜಾರಿ ಹೋಯಿತು. ಕೊನೆಗೆ ಸೆಪ್ಟೆಂಬರ್ ಮೊದಲ ವಾರ ಅದನ್ನು ಮೇಲೆತ್ತಿ, ಹೊಸ ತುಂಡು ಬೆಸೆದು, 8ರಂದು ಅದನ್ನೂ ದಡ ಸೇರಿಸಿದರು. ಹೀಗೆ ಒಂದೇ ಬೇಸಿಗೆಯಲ್ಲಿ ಅಟ್ಲಾಂಟಿಕ್‌ಗೆ ಎರಡು ತಂತಿಗಳಾದವು.

ಈ ಕಥೆಯಲ್ಲಿ ನನ್ನ ಮನಸ್ಸಿಗೆ ನಾಟಿದ್ದು ಹಡಗಿನ ಸಾಹಸಕ್ಕಿಂತ ಐರ್ಲೆಂಡಿನ ವ್ಯಾಲೆನ್ಷಿಯಾ ದ್ವೀಪದ ಒಂದು ಕತ್ತಲೆ ಕೋಣೆ. ಸಮುದ್ರದಲ್ಲಿ ತುಂಡಾಗಿ ಬಿದ್ದ ತಂತಿಯ ಈಚಿನ ತುದಿ ಆ ಕೋಣೆಯಲ್ಲಿತ್ತು. ಅದಕ್ಕೆ ಜೋಡಿಸಿದ ಉಪಕರಣದ ಪುಟ್ಟ ಬೆಳಕಿನ ಚುಕ್ಕೆಯನ್ನು ನೌಕರರು ವರ್ಷವಿಡೀ ಹಗಲೂ ರಾತ್ರಿ ಸರದಿಯ ಮೇಲೆ ನೋಡುತ್ತ ಕೂತಿದ್ದರು. ಸತ್ತ ತಂತಿಯನ್ನು ಕಾಯುವುದೆಂದರೆ ನೋಡಿದವರು ನಗುತ್ತಿರಲಿಲ್ಲವೇ? ಆದರೆ ಹಡಗಿನವರು ತಂತಿಯನ್ನು ಮೇಲೆತ್ತಿ ಪರೀಕ್ಷಿಸಿದ ಆ ಹೊತ್ತಿನಲ್ಲಿ ಚುಕ್ಕೆ ಅಲ್ಲಾಡಿತು. ನೋಡುವವರು ಇದ್ದರು, ಆದ್ದರಿಂದ ಉತ್ತರ ಹೋಯಿತು.

ನಮ್ಮ ದೇಶಕ್ಕೆ ಈ ಭಾಗ್ಯ 1870ರಲ್ಲಿ ಬಂತು. ಇಂಗ್ಲೆಂಡಿನಿಂದ ಜಿಬ್ರಾಲ್ಟರ್, ಮಾಲ್ಟಾ, ಅಲೆಕ್ಸಾಂಡ್ರಿಯಾ, ಸೂಯೆಜ್, ಏಡನ್ ಮುಟ್ಟಿಕೊಂಡು ಮುಂಬಯಿಗೆ ಬರುವ ತಂತಿಯ ದಾರಿ ಆ ವರ್ಷ ಜೂನ್ ತಿಂಗಳಲ್ಲಿ ತೆರೆಯಿತು. ಏಡನ್–ಮುಂಬಯಿ ನಡುವಿನ ತಂತಿ ಇಳಿಸಿದ್ದೂ ಅದೇ ಗ್ರೇಟ್ ಈಸ್ಟರ್ನ್. ಇದೇ ವರ್ಷ ಸೀಮೆನ್ಸ್ ಸಹೋದರರು ಜರ್ಮನಿ, ರಷ್ಯಾಗಳನ್ನು ಹಾಯ್ದು ಪರ್ಷಿಯಾದ ಟೆಹರಾನಿಗೆ ನೆಲದ ಮೇಲೆ ಕಂಬ ನೆಟ್ಟು ತಂತಿ ತಂದರು. ಅಲ್ಲಿಂದ ಮುಂದೆ ಕರಾಚಿಯವರೆಗಿನ ದಾರಿ ಅದಕ್ಕೂ ಮೊದಲೇ ಇತ್ತು. ಒಂದು ನೀರಿನ ದಾರಿ, ಒಂದು ನೆಲದ ದಾರಿ. ಒಂದರ ಕಷ್ಟ ಇನ್ನೊಂದಕ್ಕೆ ತಗುಲುವಂತಿರಲಿಲ್ಲ. ಈ ಮಾತನ್ನೂ, ಅಲೆಕ್ಸಾಂಡ್ರಿಯಾ ಎಂಬ ಹೆಸರನ್ನೂ ಓದುಗರು ಸ್ವಲ್ಪ ನೆನಪಿನಲ್ಲಿಡಬೇಕು.

ಎರಡು ಇದ್ದ ಮಾತ್ರಕ್ಕೆ ಒಂದು ಮೀಸಲೆಂದು ತಿಳಿಯಬಾರದು. 1956ರಲ್ಲಿ ಅಟ್ಲಾಂಟಿಕ್‌ಗೆ ಮೊದಲ ಟೆಲಿಫೋನ್ ತಂತಿ ಹಾಸಿದಾಗ ಅದೂ ಜೋಡಿಯೇ ಆಗಿತ್ತು. ಆದರೆ ಒಂದರಲ್ಲಿ ಮಾತು ಆ ಕಡೆ ಹೋಗಬೇಕು, ಇನ್ನೊಂದರಲ್ಲಿ ಈ ಕಡೆ ಬರಬೇಕು. ಒಂದು ಕೆಟ್ಟರೆ ಇನ್ನೊಂದಿದ್ದೂ ಸಂಭಾಷಣೆಯಿಲ್ಲ. ಎರಡೂ ಕಾಲಿನ ಚಪ್ಪಲಿ ಒಂದು ಜೋಡಿಯೇ ಹೊರತು ಒಂದಕ್ಕೊಂದು ಬದಲಿಯಲ್ಲ. ಲಾರಿಯ ಹಿಂದೆ ತೂಗುವ ಸ್ಟೆಪ್ನಿ ಮೀಸಲು. ಅಂದಹಾಗೆ ಆ ಹೆಸರು ಬಂದದ್ದು, ಅದನ್ನು ತಯಾರಿಸಿ ಮಾರಿದವರ ಅಂಗಡಿಯಿದ್ದ ವೇಲ್ಸ್ ದೇಶದ ಸ್ಟೆಪ್ನಿ ಎಂಬ ಬೀದಿಯಿಂದ.

ಇನ್ನು ಆಕಾಶದ ಕಥೆ. 1965ರ ಏಪ್ರಿಲ್‌ನಲ್ಲಿ ಅರ್ಲಿ ಬರ್ಡ್ ಎಂಬ ಉಪಗ್ರಹ ಮೇಲೇರಿತು. ಸಮಭಾಜಕದ ಮೇಲೆ ಸುಮಾರು 35,786 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಉಪಗ್ರಹ ಭೂಮಿಯ ಜೊತೆಗೇ ತಿರುಗುವುದರಿಂದ ನಮ್ಮ ಕಣ್ಣಿಗೆ ಒಂದೇ ಕಡೆ ನಿಂತಂತಿರುತ್ತದೆ. ನೆಲದ ಆಂಟೆನಾ ಅದಕ್ಕೆ ಗುರಿಯಿಟ್ಟು ನಿಂತರೆ ಸಾಕು. ಹತ್ತು ವರ್ಷಗಳ ಬಳಿಕ ಇಂಥದೇ ಒಂದು ಉಪಗ್ರಹ ನಮ್ಮ ಸೀಮೆಯ ಹಳ್ಳಿಗಳಿಗೂ ಮಾತಾಡಿತು. 1975ರ ಆಗಸ್ಟ್ 1ರಿಂದ ಒಂದು ವರ್ಷ, ಅಮೆರಿಕದ ನಾಸಾ ತನ್ನ ಎ.ಟಿ.ಎಸ್.-6 ಉಪಗ್ರಹವನ್ನು ನಮ್ಮ ದೇಶಕ್ಕೆ ಎರವಲು ಕೊಟ್ಟಿತ್ತು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟೆಲಿವಿಷನ್ ಬಂತು. ಕರ್ನಾಟಕದಲ್ಲಿ ಅವು ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಯ ಹಳ್ಳಿಗಳು. ಕೋಳಿಗೂಡಿನ ಜಾಳಿಗೆಯಂಥ ತಂತಿಬಲೆಯಿಂದ ಮಾಡಿದ, 3 ಮೀಟರ್ ಅಗಲದ ಆಂಟೆನಾ. ಬೆಳಿಗ್ಗೆ ಶಾಲೆಯ ಮಕ್ಕಳಿಗೆ, ಸಂಜೆ ದೊಡ್ಡವರಿಗೆ ಕಾರ್ಯಕ್ರಮ.

ನಾನು ಆಗ ಚಿಕ್ಕವಳು. ನಮ್ಮೂರಿಗೆ ಆ ಪೆಟ್ಟಿಗೆ ಬರಲಿಲ್ಲ, ಪಕ್ಕದ ಊರಿಗೆ ಬಂದಿತ್ತು. ಹೊಲದ ಕೆಲಸ ಮುಗಿಸಿ ಹೆಂಗಸರು ಗುಂಪುಕಟ್ಟಿಕೊಂಡು ನೋಡಲು ಹೋಗುತ್ತಿದ್ದುದನ್ನು ಅವ್ವ ಹೇಳುತ್ತಿದ್ದಳು. ಕೂಸಿಗೆ ಏನು ತಿನ್ನಿಸಬೇಕು, ಬಾಣಂತಿ ಹೇಗಿರಬೇಕು ಎಂಬುದನ್ನು ಆ ಪೆಟ್ಟಿಗೆ ಕನ್ನಡದಲ್ಲಿ ಹೇಳುತ್ತಿತ್ತಂತೆ. 1976ರ ಜುಲೈ 31ಕ್ಕೆ ವರ್ಷ ತುಂಬಿತು, ಎರವಲು ತಂದದ್ದು ಮರಳಿ ಹೋಯಿತು. "ಪೆಟಿಗಿ ಇತ್ತು, ಮಾತು ಇರಲಿಲ್ಲ" ಎನ್ನುತ್ತಿದ್ದಳು ಅವ್ವ. 1977ರಲ್ಲಿ ಗುಲ್ಬರ್ಗದಲ್ಲಿ ನೆಲದ ಮೇಲಿನ ಪ್ರಸಾರ ಕೇಂದ್ರವಾಯಿತಾದರೂ, ಅದು ಮುಟ್ಟದ ಊರುಗಳು ಬಹಳವಿದ್ದವು. ಆಕಾಶದಲ್ಲಿ ನಮ್ಮದೆನ್ನುವ ಎರಡನೆಯದು ಇರಲಿಲ್ಲ.

ಆ ಪಾಠವನ್ನು ನಮ್ಮವರು ಮರೆಯಲಿಲ್ಲ. ಇನ್‌ಸ್ಯಾಟ್ ಯೋಜನೆಗೆ ಅಮೆರಿಕದಲ್ಲಿ ಮೊದಲಿಗೇ ಎರಡು ಉಪಗ್ರಹಗಳನ್ನು ಮಾಡಿಸಿದರು. ಅವುಗಳ ಲಗಾಮು ಹಿಡಿಯುವ ಕೇಂದ್ರ ನಮ್ಮ ಹಾಸನದಲ್ಲಿ. 1982ರ ಏಪ್ರಿಲ್ 10ರಂದು ಹಾರಿದ ಇನ್‌ಸ್ಯಾಟ್-1ಎ ಮೊದಲ ದಿನದಿಂದಲೇ ಕಾಟ ಕೊಟ್ಟಿತು. ಒಂದು ಆಂಟೆನಾ ಬಿಚ್ಚಿಕೊಳ್ಳಲು ಸತಾಯಿಸಿತು, ಸಮತೋಲಕ್ಕೆಂದಿದ್ದ ಸೌರಪಟ ಬಿಚ್ಚಿಕೊಳ್ಳಲೇ ಇಲ್ಲ. ಸೆಪ್ಟೆಂಬರಿನಲ್ಲಿ ಭೂಮಿಯ ಮೇಲಿನ ಗುರಿ ತಪ್ಪಿ, ಅದನ್ನು ಸರಿಪಡಿಸುವ ಗಡಿಬಿಡಿಯಲ್ಲಿ ಇಂಧನವೆಲ್ಲ ತೀರಿತು. ಏಳು ವರ್ಷ ಬಾಳಬೇಕಾದದ್ದು ಐದು ತಿಂಗಳಿಗೆ ಹೋಯಿತು. ಹನ್ನೊಂದು ತಿಂಗಳ ಬಳಿಕ, 1983ರ ಆಗಸ್ಟ್ 30ರಂದು, ಎರಡನೆಯದಾದ ಇನ್‌ಸ್ಯಾಟ್-1ಬಿ ಚಾಲೆಂಜರ್ ನೌಕೆಯಲ್ಲಿ ಹೊರಟಿತು. ಅದರ ಸೌರಫಲಕವೂ ಸಿಕ್ಕಿಹಾಕಿಕೊಂಡು, ಎರಡು ವಾರ ಎಲ್ಲರ ಜೀವ ಹಿಂಡಿ, ಕೊನೆಗೆ ಬಿಚ್ಚಿಕೊಂಡಿತು. ಎಂಬತ್ತರ ದಶಕದಲ್ಲಿ ನಮ್ಮ ಮನೆಮನೆಯ ಮಂದಿ ಭಾನುವಾರ ಬೆಳಿಗ್ಗೆ ದೂರದರ್ಶನದೆದುರು ಕೂತದ್ದು, ಈ ಎರಡನೆಯ ಉಪಗ್ರಹ ಮೇಲೆ ನಿಂತು ದುಡಿದದ್ದರಿಂದ.

ಬೆಂಗಳೂರಿನ ಭಾಗ್ಯ ತೆರೆದದ್ದೂ ಇದೇ ಆಕಾಶದ ದಾರಿಯಿಂದ. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಅಲ್ಲಿ ಕಚೇರಿ ತೆರೆದು, ಅಮೆರಿಕಕ್ಕೆ ತನ್ನದೇ ಉಪಗ್ರಹ ಸಂಪರ್ಕ ಇಟ್ಟುಕೊಂಡಿತು. ಅದರ ಸಲಕರಣೆಯನ್ನು ಎತ್ತಿನ ಗಾಡಿಯಲ್ಲಿ ಸಾಗಿಸುತ್ತಿರುವ ಚಿತ್ರ ಬಹಳ ಪ್ರಸಿದ್ಧ. 1991ರಲ್ಲಿ ಸರ್ಕಾರ ಸಾಫ್ಟ್‌ವೇರ್ ಟೆಕ್ನಾಲಜಿ ಪಾರ್ಕ್ಸ್ ಸಂಸ್ಥೆಯನ್ನು ಕಟ್ಟಿತು. ಎಲೆಕ್ಟ್ರಾನಿಕ್ಸ್ ಸಿಟಿಯಲ್ಲಿ ಅದು ಕಟ್ಟಿದ ಭೂಕೇಂದ್ರದಿಂದ ಸಣ್ಣ ಕಂಪೆನಿಗಳಿಗೂ ಆಕಾಶದ ದಾರಿ ಬಾಡಿಗೆಗೆ ಸಿಕ್ಕಿತು. ಸೆಕೆಂಡಿಗೆ 64 ಕಿಲೋಬಿಟ್ ಎಂದರೆ ಆಗ ದೊಡ್ಡ ಸಂಪತ್ತು. ಆ ಒಂದು ದಾರಿಯ ಮೇಲೆ ನೂರಾರು ಹುಡುಗ ಹುಡುಗಿಯರ ಅನ್ನ ನಿಂತಿತ್ತು. ಆದ್ದರಿಂದಲೇ ಭೂಕೇಂದ್ರಗಳ ಕಪಾಟಿನಲ್ಲಿ ಜೋಡಿ ಮೋಡೆಮ್‌ಗಳು ಬಂದು ಕೂತವು.

ಮೋಡೆಮ್ ಮಾಡುವ ಕೆಲಸ ಗಾಡಿಗೆ ಮೂಟೆ ಹೇರಿದಂತೆ. ಕಂಪ್ಯೂಟರಿನ ಸೊನ್ನೆ ಒಂದುಗಳನ್ನು ಸೆಕೆಂಡಿಗೆ 7 ಕೋಟಿ ಸಲ ಕಂಪಿಸುವ ಅಲೆಯ ಮೇಲೆ ಹೇರುತ್ತದೆ. ಮುಂದೆ ಇನ್ನೊಂದು ಯಂತ್ರ ಅದನ್ನು ಸೆಕೆಂಡಿಗೆ 600 ಕೋಟಿ ಕಂಪನದ ಅಲೆಗೆ ಏರಿಸಿ ಆಂಟೆನಾಕ್ಕೆ ಕೊಡುತ್ತದೆ. ಉಪಗ್ರಹ ಅದನ್ನು 400 ಕೋಟಿಗೆ ಇಳಿಸಿ ಕೆಳಗೆ ಕಳಿಸುತ್ತದೆ. ಆ ಕಡೆಯ ಮೋಡೆಮ್ ಮೂಟೆ ಇಳಿಸಿಕೊಳ್ಳುತ್ತದೆ. ಹತ್ತಿ ಇಳಿಯಲು ಹಿಡಿಯುವ ಹೊತ್ತು ಸುಮಾರು ಕಾಲು ಸೆಕೆಂಡು.

ಜೋಡಿಯ ಜಾಣತನವಿರುವುದು ತಂತಿ ಜೋಡಿಸುವುದರಲ್ಲಿ. ತಮ್ಮ ಚೌಕಟ್ಟಿನ ಹಿಂಭಾಗಕ್ಕೆ ಕರೆದೊಯ್ದು ಒಂದೊಂದೇ ತೋರಿಸಿದ. ಎರಡು ಮೋಡೆಮ್‌ಗಳ ನಡುವೆ ಸ್ವಿಚ್ಚಿನ ಒಂದು ಪೆಟ್ಟಿಗೆ. ಹೊರಗಿನಿಂದ ಬಂದ ಸಂದೇಶ ಅಲ್ಲಿ ಕವಲೊಡೆದು ಎರಡೂ ಮೋಡೆಮ್‌ಗಳಿಗೆ ಹೋಗುತ್ತದೆ. ಉಪಗ್ರಹದಿಂದ ಇಳಿದ ಸಂದೇಶವೂ ಹಾಗೆಯೇ ಎರಡಕ್ಕೂ ಹೋಗುತ್ತದೆ. ಅಂದರೆ ಮೊದಲನೆಯದು ಕೇಳುವುದೆಲ್ಲವನ್ನೂ ಎರಡನೆಯದು ಕೇಳುತ್ತಲೇ ಇರುತ್ತದೆ. ಬಾಯಿ ಮಾತ್ರ ಮುಚ್ಚಿರುತ್ತದೆ, ಎರಡೂ ಒಟ್ಟಿಗೆ ಮಾತಾಡಿದರೆ ಮೇಲೆ ಯಾರದೂ ತಿಳಿಯುವುದಿಲ್ಲವಲ್ಲ! ಪ್ರತಿ ಮೋಡೆಮ್‌ನಿಂದ ಇನ್ನೊಂದು ತೆಳು ತಂತಿ ಸ್ವಿಚ್ಚಿಗೆ ಬರುತ್ತದೆ. "ನನಗೆ ಹುಷಾರಿಲ್ಲ" ಎಂದು ಹೇಳುವುದಷ್ಟೇ ಅದರ ಕೆಲಸ. ಆ ಸುದ್ದಿ ಬಂದೊಡನೆ ಸ್ವಿಚ್ಚು ಎರಡನೆಯದರ ಬಾಯಿ ತೆರೆಸುತ್ತದೆ. ಆಚೆ ತುದಿಯವರಿಗೆ ಕೆಲವು ಕ್ಷಣದ ತಡವರಿಕೆ, ಅಷ್ಟೆ.

"ಇಷ್ಟಾದ ಮ್ಯಾಲ ಭಯ ಇಲ್ಲಲ್ಲೋ?" ಎಂದೆ.

ಅವನು ನಕ್ಕ. ಎರಡರ ಕರೆಂಟಿನ ವಯರೂ ಒಂದೇ ಬೋರ್ಡಿಗೆ ಚುಚ್ಚಿದ್ದರೆ ಎರಡೂ ಒಟ್ಟಿಗೇ ಹೋಗುತ್ತವೆ. ಮೊದಲನೆಯದರ ಸೆಟಿಂಗ್ ಬದಲಿಸಿ ಎರಡನೆಯದನ್ನು ಮರೆತಿದ್ದರೆ, ಬಾಯಿ ತೆರೆದಾಗ ಅದು ಬೇರೆ ಭಾಷೆ ಆಡುತ್ತದೆ. ತಂತಿಯ ಎರಡೂ ತುದಿಗೆ ಚೀಟಿ ಅಂಟಿಸದಿದ್ದರೆ, ಅವಸರದಲ್ಲಿ ಕಳಚಿದ್ದನ್ನು ಎಲ್ಲಿಗೆ ಸಿಕ್ಕಿಸಬೇಕೆಂದು ತಿಳಿಯುವುದಿಲ್ಲ. ಇವೆಲ್ಲಕ್ಕಿಂತ ಹೆಚ್ಚಾಗಿ ನಡೆಯುವ ತಪ್ಪು ಇನ್ನೊಂದು: ಬೇರೆ ಕಡೆ ಒಂದು ತಂತಿ ಬೇಕಾದಾಗ ಎರಡನೆಯದರಿಂದ ಕಿತ್ತು ಒಯ್ಯುವುದು. ಹೇಗೂ ಸುಮ್ಮನೆ ಕೂತಿದೆಯಲ್ಲ ಎನ್ನುವುದು ಸಮಾಧಾನ. ಒಯ್ದವರು ಮರಳಿ ತಂದಿಡುವುದಿಲ್ಲ. ದೀಪ ಉರಿಯುತ್ತಲೇ ಇರುತ್ತದೆ, ಒಳಗೆ ಏನೂ ಉಳಿದಿರುವುದಿಲ್ಲ.

ಇಂಥದೊಂದು ನಮ್ಮೂರಿನಲ್ಲೇ ನಡೆಯಿತು. ಅಲ್ಲಿನ ಒಂದು ಬ್ಯಾಂಕಿನ ಶಾಖೆಗೆ ನೆಲದ ತಂತಿಯೂ ಇತ್ತು, ಮಾಳಿಗೆಯ ಮೇಲೆ ಉಪಗ್ರಹದ ಬೋಗುಣಿಯೂ ಇತ್ತು. ಗೋಡೆಗೆ ಎರಡು ತೂತು ಏಕೆಂದು, ಎರಡನ್ನೂ ಒಂದೇ ತೂತಿನಿಂದ ಒಳಗೆ ತಂದಿದ್ದರು. ಇಲಿಗೆ ಅಷ್ಟು ಸಾಕಾಯಿತು. ಪಿಂಚಣಿಗೆಂದು ಬಂದ ಮುದುಕಿಯರು ಎರಡು ದಿನ ಬಿಸಿಲಲ್ಲಿ ಕೂತು ಬರಿಗೈಯಲ್ಲಿ ಮರಳಿದರು. ಬಸ್ಸಿಗೆಂದು ತಂದ ದುಡ್ಡು ಒಬ್ಬಾಕೆಗೆ ಎರಡನೆಯ ದಿನ ಉಳಿದಿರಲಿಲ್ಲ.

ಊರಿನ ಇಲಿಯನ್ನು ಕಂಡು ನಗುವವರು 2008ರ ಜನವರಿ 30ನ್ನು ನೆನೆಯಬೇಕು. ಅಂದು ಭಾರತಕ್ಕೆ ಪಶ್ಚಿಮದಿಂದ ಬರುವ ಎರಡು ದೊಡ್ಡ ಸಮುದ್ರ ತಂತಿಗಳು ಒಂದೇ ದಿನ ತುಂಡಾದವು. ಎಲ್ಲಿ ಎನ್ನುತ್ತೀರಿ? ಅದೇ ಅಲೆಕ್ಸಾಂಡ್ರಿಯಾದ ಬಳಿ. ಇಬ್ಬರು ಬೇರೆ ಬೇರೆ ಒಡೆಯರ ತಂತಿಗಳಾದರೂ ಹಾಯ್ದುಬಂದದ್ದು 1870ರ ಹಾದಿಯನ್ನೇ. ದೇಶದ ಹೊರಸಂಪರ್ಕದ ಸುಮಾರು ಅರ್ಧದಷ್ಟು ಕುಸಿದು, ಬೆಂಗಳೂರಿನ ಕಂಪೆನಿಗಳು ಪೂರ್ವದ ಕಡೆಯ ತಂತಿಗಳಿಂದಲೂ ಉಪಗ್ರಹಗಳಿಂದಲೂ ಹೇಗೋ ಸುಧಾರಿಸಿಕೊಂಡವು. ಎರಡು ತಂತಿಯಿದ್ದರೆ ಸಾಲದು, ಎರಡು ದಾರಿ ಬೇಕು. ಒಂದೇ ತಂತಿಯನ್ನು ನಂಬಿದವರ ಗತಿಯನ್ನು 2022ರಲ್ಲಿ ಪೆಸಿಫಿಕ್ ಸಾಗರದ ಟೋಂಗಾ ದ್ವೀಪದವರು ಕಂಡರು. ಜನವರಿ 15ರಂದು ಕಡಲೊಳಗಿನ ಜ್ವಾಲಾಮುಖಿ ಸಿಡಿದು, ಹೊರಜಗತ್ತಿಗೆ ಅವರಿಗಿದ್ದ ಒಂದೇ ಸಮುದ್ರ ತಂತಿ ಹರಿಯಿತು. ಅದನ್ನು ಬೆಸೆಯಲು ಐದು ವಾರ ಹಿಡಿಯಿತು. ದೂರದೇಶದಲ್ಲಿದ್ದ ಮಕ್ಕಳು ಊರಿನ ತಾಯಂದಿರು ಬದುಕಿದ್ದಾರೋ ಇಲ್ಲವೋ ತಿಳಿಯದೆ ದಿನಗಟ್ಟಲೆ ಒದ್ದಾಡಿದರು. ಆ ಐದು ವಾರ ಅವರ ಕೈಹಿಡಿದದ್ದು ಉಪಗ್ರಹದ ಸಣ್ಣ ಕಿರುದಾರಿಗಳೇ.

ಇದನ್ನೆಲ್ಲ ಓದುವಾಗ ನನಗೆ ಮತ್ತೆ ಮತ್ತೆ ನೆನಪಾದವಳು ನಮ್ಮ ಸಣ್ಣತ್ತೆ, ಅಪ್ಪನ ತಂಗಿ. ಮದುವೆಯಾದ ಎರಡೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ಅಡುಗೆಮನೆ ಅವ್ವನದು, ಕೀಲಿಕೈ ಅಜ್ಜಿಯದು. ಅತ್ತೆ ಗೋಡೆಗೊರಗಿ ಕೂತು ಬತ್ತಿ ಹೊಸೆಯುತ್ತಿದ್ದಳು. ಬಂದ ನೆಂಟರು "ಆಕಿ ಕುಂತು ಉಣ್ಣಾಕಿ" ಎಂದು ಅವಳಿಗೆ ಕೇಳುವಂತೆಯೇ ಹೇಳುತ್ತಿದ್ದರು. ಯಾರ ಮನೆಯಲ್ಲಿ ಬಾಣಂತನವಾದರೂ, ಯಾರ ಹೊಲದಲ್ಲಿ ರಾಶಿಯಾದರೂ, "ಹೆಂಗೂ ಸುಮ್ಮ ಕುಂತಾಳ" ಎಂದು ಕರೆದೊಯ್ಯುತ್ತಿದ್ದರು. ನಾನು ನಾಲ್ಕನೇ ತರಗತಿಯಲ್ಲಿದ್ದಾಗ ಅವ್ವ ವಿಷಮಶೀತ ಜ್ವರದಿಂದ ಒಂದೂವರೆ ತಿಂಗಳು ಹಾಸಿಗೆ ಹಿಡಿದಳು. ಅಜ್ಜಿ ಅಷ್ಟರಲ್ಲಿ ತೀರಿಕೊಂಡಿದ್ದಳು. ಮರುದಿನ ಬೆಳಿಗ್ಗೆ ಒಲೆ ಹೊತ್ತಿತು. ಹಾಲಿನವನ ಲೆಕ್ಕ, ಅಪ್ಪನ ಪಥ್ಯ, ತಮ್ಮನಿಗೆ ರೊಟ್ಟಿಯ ಜೊತೆ ಶೇಂಗಾಹಿಂಡಿಯೇ ಬೇಕೆನ್ನುವುದು, ಯಾವ ಡಬ್ಬಿಯಲ್ಲಿ ಏನಿದೆ ಎನ್ನುವುದು, ಅತ್ತೆಗೆ ಯಾವುದನ್ನೂ ಯಾರೂ ಹೇಳಿಕೊಡಬೇಕಾಗಲಿಲ್ಲ. ಅಷ್ಟು ವರ್ಷ ಗೋಡೆಗೊರಗಿ ಕೂತು ಅವಳು ಎಲ್ಲವನ್ನೂ ಕೇಳುತ್ತಲೇ ಇದ್ದಳು. ಅವ್ವ ಎದ್ದು ಓಡಾಡುವಂತಾದ ದಿನ ಅತ್ತೆ ಕೀಲಿಕೈಯನ್ನು ಅವಳ ಸೆರಗಿಗೆ ಕಟ್ಟಿ, ಮತ್ತೆ ಗೋಡೆಯ ಬದಿಗೆ ಹೋಗಿ ಕೂತಳು.

ಭೂಕೇಂದ್ರದ ಆ ತಣ್ಣನೆಯ ಕೋಣೆಯಿಂದ ಹೊರಬರುವಾಗ ತಮ್ಮ ಒಂದು ಮಾತು ಹೇಳಿದ್ದ. ಎರಡನೆಯ ಮೋಡೆಮ್ ಕೆಟ್ಟಿದ್ದರೂ ಸುಮ್ಮನಿದ್ದಾಗ ಎಷ್ಟೋ ಸಲ ತಿಳಿಯುವುದೇ ಇಲ್ಲವಂತೆ. ಆದ್ದರಿಂದ ಮೊದಲನೆಯದು ಗಟ್ಟಿಮುಟ್ಟಾಗಿದ್ದರೂ, ತಿಂಗಳಿಗೊಂದು ದಿನ ಬೇಕೆಂದೇ ಅದನ್ನು ಕೂರಿಸಿ, ಎರಡನೆಯದನ್ನು ಕೆಲಸಕ್ಕೆ ಹಚ್ಚುತ್ತಾರೆ. "ಆ ದಿನ ಅದರದ್ದು, ಅಕ್ಕಾ" ಎಂದ.

ನಮ್ಮ ಅತ್ತೆಗೆ ಅಂಥ ಒಂದು ದಿನವನ್ನು ನಾವು ಯಾರೂ ಕೊಡಲಿಲ್ಲ.